ಇಪ್ಪತ್ತೆಂಟಕ್ಕೆ ಮತ್ತೆ ಕಾಲೇಜಾ?

"ಆರು ವರ್ಷದಿಂದ ಕೋಡ್ ಬರೀತಿದ್ದೀಯ, ಈಗ್ಯಾಕಪ್ಪಾ ಮತ್ತೆ ಕಾಲೇಜು?" ಮನೇಲೂ ಆಫೀಸಲ್ಲೂ ಒಂದೇ ರಾಗ. ನಾನು ಓದಿದ್ದು ಮೆಕ್ಯಾನಿಕಲ್, ಅನ್ನ ಹಾಕ್ತಿರೋದು ಜಾವಾ. ಗೇಟ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಪೇಪರ್ ಬರೆದು ಎಂ.ಟೆಕ್ ಸೇರೋ ಯೋಚನೆ ನನ್ನದು.

ನನ್ನ ಪ್ರಕಾರ ಈ ವಿಷಯವನ್ನ ಹದಿನೆಂಟಕ್ಕಿಂತ ಇಪ್ಪತ್ತೆಂಟಕ್ಕೆ ಓದಿದರೇ ಲಾಭ. ಹದಿನೆಂಟರ ಹುಡುಗನಿಗೆ ಪಾಠದಲ್ಲಿ ಉತ್ತರ ಸಿಗುತ್ತೆ, ಪ್ರಶ್ನೆ ಇನ್ನೂ ಹುಟ್ಟಿರೋಲ್ಲ. ಡೇಟಾಬೇಸಿಗೆ ಇಂಡೆಕ್ಸ್ ಹಾಕಿದರೆ ಹುಡುಕೋದು ಬೇಗ ಆಗುತ್ತೆ ಅಂತ ನಮಗೆಲ್ಲ ಗೊತ್ತು. ಯಾಕೆ? ಅದರ ಹಿಂದಿರೋ ಬಿ-ಟ್ರೀಯನ್ನ 1970ರ ಸುಮಾರಿಗೆ ಬೋಯಿಂಗ್‌ನಲ್ಲಿದ್ದ ಬೇಯರ್ ಮತ್ತು ಮೆಕ್‌ಕ್ರೈಟ್ ರೂಪಿಸಿದರು. ಪ್ರತಿ ಹಂತದಲ್ಲೂ ನೂರು ಕವಲಿದ್ದರೆ ನಾಲ್ಕೇ ಹೆಜ್ಜೆಗೆ 10 ಕೋಟಿ ದಾಖಲೆಗಳಲ್ಲಿ ಬೇಕಾದ್ದು ಕೈಗೆ ಬರುತ್ತೆ! ನಿಧಾನದ ಕ್ವೆರಿಗಳ ಜೊತೆ ರಾತ್ರಿಯೆಲ್ಲ ಗುದ್ದಾಡಿದವನಿಗೆ ಇದು ಬರೀ ಚಿತ್ರ ಅಲ್ಲ.

ಇನ್ನೊಂದು ನೋಡಿ. ಡೆಲಿವರಿ ಹುಡುಗ 15 ಮನೆ ಸುತ್ತಬೇಕು, ಎಲ್ಲಕ್ಕಿಂತ ಹತ್ತಿರದ ದಾರಿ ಯಾವುದು? ಸುತ್ತುವ ಕ್ರಮಗಳೇ 1.3 ಲಕ್ಷ ಕೋಟಿ ದಾಟುತ್ತವೆ. 1971ರಲ್ಲಿ ಸ್ಟೀಫನ್ ಕುಕ್, ಮರುವರ್ಷ ರಿಚರ್ಡ್ ಕಾರ್ಪ್ ತೋರಿಸಿದಂತೆ ಇಂಥ ಎಷ್ಟೋ ಲೆಕ್ಕಗಳ ಬುಡ ಒಂದೇ. ಒಂದನ್ನ ಬೇಗ ಬಿಡಿಸೋ ದಾರಿ ಸಿಕ್ಕರೆ ಎಲ್ಲಕ್ಕೂ ಸಿಕ್ಕಂತೆ, ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ. ಇದನ್ನ ತಿಳಿದವನು ಮ್ಯಾನೇಜರ್ ಎದುರು "ಪಕ್ಕಾ ಉತ್ತರ ಬೇಡ ಸಾರ್, ಸುಮಾರಾಗಿ ಒಳ್ಳೇದು ಸಾಕು" ಅಂತ ಧೈರ್ಯವಾಗಿ ಹೇಳಬಲ್ಲ. ತಿಳಿಯದವನು ಶನಿವಾರ ಭಾನುವಾರ ಕೂತು ಲೂಪ್ ತಿದ್ದುತ್ತಾನೆ. ಈಗಂತೂ ಲೂಪನ್ನ ಎಐ ಬರೆದುಕೊಡುತ್ತೆ. ಅದು ಬರೆದದ್ದು ಸರಿಯಾ ಅಂತ ಹೇಳೋರು ಬೇಕಲ್ಲ!

"ಎನ್‌ಪಿಟೆಲ್‌ನಲ್ಲಿ ಪಾಠ ಪುಕ್ಕಟೆ ಸಿಗುತ್ತಲ್ಲ" ಅಂತಾರೆ. ಸಿಗುತ್ತೆ, ಚೆನ್ನಾಗೂ ಇದೆ. ಆದ್ರೆ ಮನೇಲಿ ಕೂತು ಓದೋನು ರುಚಿಸಿದ್ದನ್ನಷ್ಟೇ ತಿಂತಾನೆ. ಆಟೊಮಾಟಾ ಥಿಯರಿಯಂಥ ಹಾಗಲಕಾಯಿ ತಟ್ಟೆ ಅಂಚಿಗೆ ಹೋಗುತ್ತೆ. ಪರೀಕ್ಷೆ ಅಂತ ಒಂದಿದ್ದರೆ ನುಂಗಲೇಬೇಕು.

ದುಡ್ಡಿನ ಮಾತು ಮಾತ್ರ ನಿಜಕ್ಕೂ ಕಷ್ಟದ್ದು. ಗೇಟ್ ಮೂಲಕ ಸೇರಿದವರಿಗೆ ಸಿಗೋ ಸ್ಟೈಪೆಂಡ್ ತಿಂಗಳಿಗೆ 12,400 ರೂಪಾಯಿ. ಊರಲ್ಲಿ ಕಟ್ಟಿದ ಮನೆಯ ಸಾಲದ ಕಂತೇ ಅದಕ್ಕಿಂತ ಜಾಸ್ತಿ. ಎರಡು ವರ್ಷ ಆದ್ಮೇಲೆ ಈಗಿನ ಸಂಬಳ ಸಿಗುತ್ತಾ ಅಂತ ಅಪ್ಪ ಕೇಳ್ತಾರೆ. ಸಿಗದೇನೂ ಇರಬಹುದು. ಗೇಟ್ ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತೆ, ಹಾಗಾಗಿ ಮೊದಲು ಪರೀಕ್ಷೆ, ಸಾಲ ತೀರಿದ ಮೇಲೆ ಕಾಲೇಜು ಅನ್ನೋದು ನನ್ನ ಲೆಕ್ಕ. ನಿಮ್ಮಲ್ಲಿ ಯಾರಾದ್ರೂ ಕೆಲಸ ಬಿಟ್ಟು ಹೀಗೆ ಓದೋಕೆ ಹೋದವರಿದ್ದರೆ ಹೇಳಿ, ಆ ಎರಡು ವರ್ಷ ಮನೆ ಹೇಗೆ ನಡೆಸಿದ್ರಿ?