ಫಲಕಕ್ಕೆ ನೀರು ಬೇಡ

ಮೂರು ವರ್ಷಗಳ ಹಿಂದೆ ನಮ್ಮೂರಿನಲ್ಲಿ ಅಗಲಿದ ಹಿರಿಯರ ನೆನಪಿಗಾಗಿ ಸಸಿ ನೆಡುವ ಕಾರ್ಯಕ್ರಮ ನಡೆಯಿತು. ಹಣ ಕೊಟ್ಟವರ ಪಾಲಿಗೆ ಒಂದು ಸಸಿ, ಪಕ್ಕದಲ್ಲಿ ಒಂದು ಗ್ರಾನೈಟ್ ಫಲಕ. ಅಬ್ಬಾನ ಹೆಸರಿನಲ್ಲಿ ಒಂದು ಹೊಂಗೆ ಸಸಿಗೆ ನಾನೂ ಹಣ ಕೊಟ್ಟೆ. ಶಾಮಿಯಾನ, ಹಾರ, ಭಾಷಣ, ಫೋಟೋ ಎಲ್ಲವೂ ಸಾಂಗವಾಗಿ ಮುಗಿದವು. ಮರುವರ್ಷ ಏಪ್ರಿಲ್‌ನಲ್ಲಿ ಆ ದಾರಿಯಾಗಿ ಹೋದಾಗ ಅಬ್ಬಾನ ಹೆಸರು ಬಿಸಿಲಿಗೆ ಹೊಳೆಯುತ್ತಿತ್ತು. ಹೊಂಗೆಯ ಜಾಗದಲ್ಲಿ ಒಂದು ಒಣಕಡ್ಡಿ ಇತ್ತು. ಖಬರಸ್ಥಾನದಲ್ಲಿ ಅಬ್ಬಾನಿಗೆ ಈಗಾಗಲೇ ಒಂದು ಕಲ್ಲಿದೆ. ಎರಡನೆಯದು ಯಾಕೆ ಬೇಕಿತ್ತು?

ಸಂಘಟಕರನ್ನು ಕೇಳಿದೆ. 'ನೆಡುವುದು ನಮ್ಮ ಕೆಲಸ, ಬೆಳೆಸುವುದು ಮೇಲಿನವನ ಕೆಲಸ' ಎಂದರು. ಎಂಥ ಸಲೀಸಾದ ಜವಾಬು! ಫಲಕದ ವಿಷಯವನ್ನು ಮಾತ್ರ ಇವರು ಮೇಲಿನವನಿಗೆ ಬಿಟ್ಟಿರಲಿಲ್ಲ; ಅದಕ್ಕೆ ಸಿಮೆಂಟು ಹಾಕಿಸಿದ್ದರು. ಹಾಗೆಂದು ನಾನೇನೂ ಸಾಚಾ ಅಲ್ಲ. ರಸೀದಿ ಪಡೆದ ಮೇಲೆ ಹತ್ತು ತಿಂಗಳು ನಾನೂ ಅತ್ತ ಸುಳಿದಿರಲಿಲ್ಲ.

ದೊಡ್ಡವರೂ ನೆನಪಿಗೆ ಗಿಡ ನೆಟ್ಟಿದ್ದಾರೆ. 1961ರಲ್ಲಿ ಬೆಂಗಳೂರಿಗೆ ಬಂದಿದ್ದ ಎರಡನೇ ಎಲಿಜಬೆತ್ ರಾಣಿ ಲಾಲ್‌ಬಾಗ್‌ನಲ್ಲಿ ಒಂದು ಗಿಡ ನೆಟ್ಟರು. ಅದು ಮುಗಿಲೆತ್ತರ ಬೆಳೆದದ್ದು ರಾಣಿಯ ಕೈಗುಣದಿಂದಲ್ಲ. ರಾಣಿ ಹೋದ ಮರುದಿನವೂ ನೀರು ಹಾಕಲು ಅಲ್ಲಿ ಸಂಬಳದ ಮಾಲಿಗಳಿದ್ದರು. ಫಲಕದಲ್ಲಿ ಅವರ ಹೆಸರಿಲ್ಲ ಎಂಬುದು ಬೇರೆ ಮಾತು.

2025ರ ನವೆಂಬರ್‌ನಲ್ಲಿ ತೀರಿಕೊಂಡ ಸಾಲುಮರದ ತಿಮ್ಮಕ್ಕನಿಗೆ ಮಾಲಿಗಳಿರಲಿಲ್ಲ. ಹುಲಿಕಲ್-ಕುದೂರು ದಾರಿಯಲ್ಲಿ ಆಕೆ, ಗಂಡ ಚಿಕ್ಕಯ್ಯ ಬೆಳೆಸಿದ 385 ಆಲದ ಮರಗಳನ್ನು ನಾವೆಲ್ಲ ಹೊಗಳುತ್ತೇವೆ. ಮೊದಲ ವರ್ಷ ಅವರು ನೆಟ್ಟದ್ದು ಹತ್ತೇ ಸಸಿ ಎಂಬುದನ್ನು ಮರೆಯುತ್ತೇವೆ. ತಮ್ಮ ಕೈಲಾದಷ್ಟು ನೆಟ್ಟು, ಮೈಲುಗಟ್ಟಲೆ ಕೊಡ ಹೊತ್ತು ನೀರೆರೆದರು. ದನ ಮೇಯದಂತೆ ಮುಳ್ಳುಬೇಲಿ ಕಟ್ಟಿದರು. ನಮ್ಮ ಸಂಘಗಳಿಗೋ ಒಂದೇ ಬೆಳಿಗ್ಗೆ ನೂರು ನೆಡುವ ಆತುರ.

'ಸದಖ-ಎ-ಜಾರಿಯಾ' ಎಂದು ವೇದಿಕೆಯಲ್ಲಿ ಹೇಳಿದ್ದೇ ಹೇಳಿದ್ದು. ಜಾರಿ ಎಂದರೆ ಹರಿಯುತ್ತಿರುವುದು, ನಿಲ್ಲದೆ ನಡೆಯುವುದು. ಕನ್ನಡದ ಕಚೇರಿಗಳಲ್ಲೂ ಅದೇ ಪದ: ಆದೇಶ ಜಾರಿಯಾಗದಿದ್ದರೆ ಅದು ಬರೀ ಕಾಗದ. ನೀರು ಜಾರಿಯಲ್ಲಿಲ್ಲದ ಸಸಿ ಯಾವ ಸದಖೆ?

ಇನ್ನು ಮುಂದೆ ಯಾರಾದರೂ ರಸೀದಿ ಪುಸ್ತಕ ಹಿಡಿದು ಬಂದರೆ ಮೂರು ಪ್ರಶ್ನೆ ಕೇಳಿ. ಮೂರು ಬೇಸಿಗೆ ನೀರು ಹಾಕುವವರು ಯಾರು? ಅವರಿಗೆ ಕೂಲಿ ಎಷ್ಟು? ಸಸಿ ಸತ್ತರೆ ಮತ್ತೆ ನೆಡುತ್ತೀರಾ? ಉತ್ತರವಿಲ್ಲದಿದ್ದರೆ ಹಣ ಕೊಡಬೇಡಿ. ನೂರರ ಬದಲು ಹತ್ತೇ ನೆಡಲಿ. ಫಲಕ ಮೂರನೇ ಬೇಸಿಗೆ ದಾಟಿದ ಮೇಲೆ ಬರಲಿ, ಅದರಲ್ಲಿ ನೀರು ಹಾಕಿದವರ ಹೆಸರೂ ಇರಲಿ.

ಕಳೆದ ಜೂನ್‌ನಲ್ಲಿ ಅದೇ ಗುಂಡಿಯಲ್ಲಿ ಮತ್ತೊಂದು ಹೊಂಗೆ ನೆಟ್ಟೆ. ಎದುರಿನ ಸೈಕಲ್ ಅಂಗಡಿಯ ಹುಡುಗನಿಗೆ ತಿಂಗಳಿಗಿಷ್ಟೆಂದು ಕೊಡುತ್ತೇನೆ, ಅವನು ದಿನ ಬಿಟ್ಟು ದಿನ ಎರಡು ಕೊಡ ಸುರಿಯುತ್ತಾನೆ. ಅಬ್ಬಾನ ಫಲಕವನ್ನು ಕಿತ್ತು ತಂದು ಅಟ್ಟದಲ್ಲಿಟ್ಟಿದ್ದೇನೆ. ಇನ್ನೂ ಎರಡು ಬೇಸಿಗೆ ಬಾಕಿ ಇವೆ.