ಕೊಬ್ಬರಿಯ ದರ ಗೊತ್ತು, ಕಡಿತದ ಲೆಕ್ಕ ಗೊತ್ತಿಲ್ಲ

ಕಳೆದ ಶುಕ್ರವಾರ ಜುಮಾ ನಮಾಝ್ ಮುಗಿದ ಬಳಿಕ ಯುವಕನೊಬ್ಬ ನನ್ನ ಪಕ್ಕದಲ್ಲಿ ಬಂದು ಕುಳಿತ. ತಿಪಟೂರಿನ ಕಡೆಯ ಕೊಬ್ಬರಿ ಪುಡಿ ಕಾರ್ಖಾನೆಯೊಂದರಲ್ಲಿ ಗುತ್ತಿಗೆದಾರನ ಕೈಕೆಳಗೆ ಅವನ ಕೆಲಸ. ತಿಂಗಳಿಗೆ 18,000 ರೂಪಾಯಿ ಎಂದು ಮಾತಾಗಿದೆ. ಕೈಗೆ ಬರುವುದು 13,480. "ಪಿ.ಎಫ್., ಇ.ಎಸ್.ಐ., ಟ್ಯಾಕ್ಸ್ ಅಂತ ಹಿಡೀತಾರೆ ಹಜ್ರತ್. ಚೀಟಿ ಕೊಡೋದಿಲ್ಲ. ಸರಕಾರ ಟ್ಯಾಕ್ಸ್ ಕಡಿಮೆ ಮಾಡಿದೆ ಅಂತಾರಲ್ಲ, ನನಗ್ಯಾಕೆ ಸಿಗಲಿಲ್ಲ?" ಎಂದು ಕೇಳಿದ.

ನಾನು ಲೆಕ್ಕದ ಮೇಷ್ಟ್ರಲ್ಲ. ಆದರೂ ಕಾಗದ ತೆಗೆದುಕೊಂಡು ಕುಳಿತೆವು.

ಕರ್ನಾಟಕದ ವೃತ್ತಿ ತೆರಿಗೆ 1976ರ ಕಾಯ್ದೆಯದು. ಮೊದಲು ತಿಂಗಳಿಗೆ 15,000 ರೂಪಾಯಿ ಮುಟ್ಟಿದವರೆಲ್ಲ 200 ರೂಪಾಯಿ ತೆರಬೇಕಿತ್ತು. 2023ರ ಏಪ್ರಿಲ್ 1ರಿಂದ ಆ ಮಿತಿ 25,000ಕ್ಕೆ ಏರಿದೆ. ಅಂದರೆ ಈ ಯುವಕನಿಂದ ಒಂದು ರೂಪಾಯಿಯನ್ನೂ ಆ ಬಾಬ್ತಿಗೆ ಹಿಡಿಯುವಂತಿಲ್ಲ. ಇ.ಎಸ್.ಐ.ಗೆ ಕಾರ್ಮಿಕನ ಪಾಲು 2019ರ ಜುಲೈನಿಂದ ಶೇ. 1.75ರಿಂದ 0.75ಕ್ಕೆ ಇಳಿದಿದೆ, ಅವನ ಸಂಬಳಕ್ಕೆ ಅದು 135 ರೂಪಾಯಿ. ಪಿ.ಎಫ್. ಶೇ. 12; ಕಡ್ಡಾಯ ಮಿತಿಯಾದ 15,000ಕ್ಕೆ ಲೆಕ್ಕ ಹಾಕಿದರೆ 1,800. ಹನ್ನೆರಡು ಲಕ್ಷದ ಆದಾಯ ತೆರಿಗೆ ವಿನಾಯಿತಿಯ ದೊಡ್ಡ ಸುದ್ದಿ ಅವನಿಗೆ ಸಂಬಂಧಿಸಿದ್ದೇ ಅಲ್ಲ. ಹೀಗೆ ಕೈಗೆ ಬರಬೇಕಾದುದು 16,065.

ಉಳಿದ 2,585 ಎಲ್ಲಿ ಹೋಯಿತು? ಮತ್ತೆ ಕೂಡಿಸಿ ನೋಡಿದೆವು. ಮಾಲೀಕನ ಕಡೆಯಿಂದ ಬರಬೇಕಾದ ಪಿ.ಎಫ್. 1,800, ಮಾಲೀಕನ ಕಡೆಯ ಇ.ಎಸ್.ಐ. ಶೇ. 3.25ರಂತೆ 585, ಮೇಲೆ ರದ್ದಾಗಿರುವ 200. ಪೈಸೆಗೆ ಪೈಸೆ ಹೊಂದಿಕೊಂಡಿತು. ತನ್ನ ಪಾಲನ್ನು ಕಾರ್ಮಿಕನ ಕೂಲಿಯಿಂದ ಹಿಡಿಯುವುದನ್ನು ಪಿ.ಎಫ್. ಮತ್ತು ಇ.ಎಸ್.ಐ. ಎರಡರ ಕಾನೂನೂ ನಿಷೇಧಿಸಿದೆ. ಆ ಹಣವನ್ನು ಖಾತೆಗೆ ಕಟ್ಟಿದ್ದರೂ ಅದು ತಪ್ಪೇ. ಕಟ್ಟಿರದಿದ್ದರೆ ಅದಕ್ಕೆ ಬೇರೆ ಹೆಸರಿದೆ.

ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಹದೀಸನ್ನು ನಾವು ಭಾಷಣಗಳಲ್ಲಿ ಧಾರಾಳವಾಗಿ ಹೇಳುತ್ತೇವೆ. ಆದರೆ ಇಲ್ಲಿ ಪ್ರಶ್ನೆ ವಿಳಂಬದ್ದಲ್ಲ. ಬುಖಾರಿಯಲ್ಲಿ ವರದಿಯಾದ ಇನ್ನೊಂದು ಹದೀಸ್ ಇದಕ್ಕೆ ಹೆಚ್ಚು ಹತ್ತಿರವಾದುದು. ಅಂತ್ಯದಿನ ಅಲ್ಲಾಹನು ಸ್ವತಃ ಎದುರಾಳಿಯಾಗಿ ನಿಲ್ಲುವ ಮೂವರಲ್ಲಿ ಒಬ್ಬನು, ಕೆಲಸವನ್ನು ಪೂರ್ಣವಾಗಿ ಮಾಡಿಸಿಕೊಂಡು ಕೂಲಿಯನ್ನು ಸಲ್ಲಿಸದವನು.

"18,000 ಎಂದರೆ ಎಲ್ಲ ಸೇರಿಸಿ ಹೇಳಿದ್ದು" ಎಂದು ಗುತ್ತಿಗೆದಾರ ವಾದಿಸಬಹುದು. ಫಿಕ್ಹ್ ಗ್ರಂಥಗಳ ಇಜಾರಾ ಅಧ್ಯಾಯ ಓದಿದ ಯಾವ ವಿದ್ಯಾರ್ಥಿಗೂ ಉತ್ತರ ಗೊತ್ತು: ಕೂಲಿ ಎಷ್ಟೆಂಬುದು ಕೆಲಸಕ್ಕೆ ಮೊದಲೇ ಇಬ್ಬರಿಗೂ ಸ್ಪಷ್ಟವಾಗಿರಬೇಕು. ಮನಸ್ಸಿನಲ್ಲಿ ಒಂದು ಅರ್ಥ ಇಟ್ಟುಕೊಂಡು ಬಾಯಲ್ಲಿ ಒಂದು ಅಂಕಿ ಹೇಳುವುದು ಕರಾರಲ್ಲ. ಕುರ್‌ಆನಿನ ಅತಿ ದೀರ್ಘ ಸೂಕ್ತ, ಅಲ್‌ಬಕರದ 282ನೆಯದು, ನಮಾಝ್ ಉಪವಾಸಗಳ ಕುರಿತದ್ದಲ್ಲ. ಸಾಲದ ವ್ಯವಹಾರವನ್ನು ಬರೆದಿಡುವ ಕುರಿತದ್ದು. ದುಡಿದು ಇನ್ನೂ ಸಿಗದ ಕೂಲಿಯೂ ಒಂದು ಸಾಲವೇ. ಈಗ ವೇತನ ಸಂಹಿತೆಯೂ ವೇತನ ಚೀಟಿಯನ್ನು ಕಡ್ಡಾಯ ಮಾಡಿದೆ.

ನಮ್ಮೂರುಗಳು ಲೆಕ್ಕ ಅರಿಯದವಲ್ಲ. 2025ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100. ತಿಪಟೂರಿನ ಮಾರುಕಟ್ಟೆಯಲ್ಲಿ ದರ ಅದನ್ನು ದಾಟಿ ಎಲ್ಲಿಗೋ ಹೋದಾಗ ಚಹಾದಂಗಡಿಯ ಹುಡುಗನಿಗೂ ಅಂದಂದಿನ ಬೆಲೆ ಬಾಯಿಪಾಠವಾಗಿತ್ತು. ಒಂದು ಚೀಲ ಕೊಬ್ಬರಿ ತೂಕದಲ್ಲಿ ಒಂದು ಕಿಲೋ ಕಡಿಮೆ ಬಂದರೆ ಮಂಡಿಯಲ್ಲಿ ಜಗಳವೇ ಆಗುತ್ತದೆ. ಮನುಷ್ಯನ ಕೂಲಿಯಲ್ಲಿ ತಿಂಗಳಿಗೆ 2,585 ಕಡಿಮೆ ಬಂದಾಗ ಎಲ್ಲರೂ ಸುಮ್ಮನಿರುತ್ತಾರೆ. ಮುತಫ್ಫಿಫೀನ್ ಅಧ್ಯಾಯ ತಕ್ಕಡಿಯವರಿಗೆ ಮಾತ್ರ ಎಂದು ನಾವು ತಿಳಿದಂತಿದೆ.

ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟಗಳಲ್ಲಿ ಸಾವಿರ ಕಾಯಿಗೆ ಇಷ್ಟೆಂದು ಕಾಯಿ ಸುಲಿಯುವವರ ಪಾಡು ಬೇರೆ. ಅವರಿಗೆ ಕಡಿತವೂ ಇಲ್ಲ, ಪಿ.ಎಫ್. ಕೂಡ ಇಲ್ಲ, ಕೈಗೆ ಸುಲಿಯುವ ಗೂಟ ತಾಗಿದರೆ ಸ್ವಂತ ಖರ್ಚಿನ ಆಸ್ಪತ್ರೆ. ಅವರನ್ನು ನೋಡಿದಾಗ ಕಡಿತವೇ ಬೇಡವೆನ್ನಲು ನನಗೆ ಮನಸ್ಸು ಬರುವುದಿಲ್ಲ. ನ್ಯಾಯವಾಗಿ ಹಿಡಿದು ಕಾರ್ಮಿಕನ ಹೆಸರಿಗೆ ಕಟ್ಟಿದ ಹಣ ಅವನ ಮುಪ್ಪಿನ ಆಸರೆ, ಹಿಡಿದವನ ಕೈಯಲ್ಲಿ ಅಮಾನತ್. (ಪಿ.ಎಫ್. ಬಡ್ಡಿಯ ಕುರಿತು ಉಲಮಾಗಳ ಚರ್ಚೆ ಬೇರೆ ಲೇಖನಕ್ಕಿರಲಿ.) ಇಷ್ಟು ಬರೆದ ಮೇಲೆ ನಮ್ಮ ಮನೆಯ ಮಾತನ್ನೂ ಹೇಳಲೇಬೇಕು: ಇಮಾಮರಿಗೆ, ಮುಅಝ್ಝಿನರಿಗೆ, ಮದ್ರಸಾ ಶಿಕ್ಷಕರಿಗೆ ಸಂಬಳದ ಚೀಟಿ ಕೊಡುವ ಕಮಿಟಿಗಳು ಎಷ್ಟಿವೆ?

ಯುವಕನಿಗೆ ಅವನ ಯು.ಎ.ಎನ್. ಸಂಖ್ಯೆಯಿಂದ ಪಾಸ್‌ಬುಕ್ ತೆಗೆಸಲು ಹೇಳಿದೆ. ಗುತ್ತಿಗೆದಾರನನ್ನು ಕೇಳಿದರೆ ಕೆಲಸ ಹೋದೀತೆಂಬ ಭಯ ಅವನಿಗೆ. ಮನೆಯಲ್ಲಿ ತಂಗಿಯ ಮದುವೆ ಬೇರೆ. ಕಾರ್ಖಾನೆಯ ಮಾಲೀಕರು ನಮ್ಮದೇ ಮಸೀದಿಯ ಮೊದಲ ಸಫ್‌ನಲ್ಲಿ ನಿಲ್ಲುವವರು, ಝಕಾತ್‌ನಲ್ಲಿ ಕೈ ಹಿಡಿಯದವರು. ತಮ್ಮ ಗುತ್ತಿಗೆದಾರ ಏನು ಮಾಡುತ್ತಿದ್ದಾನೆಂದು ಬಹುಶಃ ಅವರಿಗೆ ತಿಳಿದಿಲ್ಲ. ಬರುವ ಶುಕ್ರವಾರ ಆ ಕಾಗದ ಹಿಡಿದು ಅವರ ಬಳಿಗೆ ನಾನೇ ಹೋಗುತ್ತೇನೆ, ಇನ್‌ಶಾ ಅಲ್ಲಾಹ್.