ಗಾಳಕ್ಕೆ ಗದರಿಕೆ, ಸಿಡಿಮದ್ದಿಗೆ ಮೌನ

ಆನೆ ಕದ್ದರೂ ಕಳ್ಳನೇ, ಅಡಿಕೆ ಕದ್ದರೂ ಕಳ್ಳನೇ ಅಂತ ಹಿರಿಯರು ಹೇಳುತ್ತಾರೆ. ಮೀನಿನ ವಿಷಯಕ್ಕೆ ಬಂದರೆ ಈ ಮಾತು ಅರ್ಧ ಮಾತ್ರ ನಿಜ. ಇಲ್ಲಿ ಅಡಿಕೆಯವನು ಸಿಕ್ಕಿಬೀಳುತ್ತಾನೆ. ಆನೆಯವನು ಆರಾಮಾಗಿ ಮನೆಗೆ ಹೋಗುತ್ತಾನೆ.

ಬಿಡಿಸಿ ಹೇಳುತ್ತೇವೆ. ಒಂದು ಬಿದಿರು ಕಡ್ಡಿ, ಒಂದಷ್ಟು ದಾರ, ಒಂದು ಬೆಂಡು, ಒಂದು ಗಾಳ, ತೆಂಗಿನ ಕರಟದಲ್ಲಿ ನಾಲ್ಕು ಎರೆಹುಳ. ಇಷ್ಟು ಹಿಡಿದು ಕೆರೆ ಏರಿ ಮೇಲೆ ಕೂತವನನ್ನು ಎಬ್ಬಿಸಿ ಕಳಿಸುವುದು ಸುಲಭ. ಅವನು ಓಡುವುದಿಲ್ಲ, ಹಗಲು ಹೊತ್ತಿನಲ್ಲೇ ಇರುತ್ತಾನೆ, ಎಲ್ಲರಿಗೂ ಪರಿಚಯದವನು. ರಾತ್ರಿ ಮಡುವಿಗೆ ಸಿಡಿಮದ್ದು ಎಸೆಯುವವನು, ಬ್ಲೀಚಿಂಗ್ ಪೌಡರ್ ಸುರಿಯುವವನು, ಕರೆಂಟ್ ಬಿಡುವವನು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಕಾನೂನಿನ ಕೈ ಎಟುಕುವ ಕಡೆಗೇ ಚಾಚುತ್ತದೆ.

ನಾವು ಈ ಬರಹದಲ್ಲಿ ಗಾಳದವರ ಪರ ನಿಂತಿದ್ದೇವೆ. ಆದರೆ ಕಣ್ಣು ಮುಚ್ಚಿಕೊಂಡು ನಿಂತಿಲ್ಲ. ನಿರ್ಬಂಧವೇ ಬೇಡ ಅನ್ನುವುದು ನಮ್ಮ ವಾದವಲ್ಲ. ನಿರ್ಬಂಧ ಹಾನಿಯ ಅಳತೆಗೆ ತಕ್ಕ ಹಾಗೆ ಇರಬೇಕು ಅನ್ನುವುದು ನಮ್ಮ ವಾದ.

ಕಾವೇರಿಯಲ್ಲಿ ಏನಾಯಿತು?

ಗಾಳ ಅಂದರೆ ಬರೀ ಬಡವರ ಕಸುಬಲ್ಲ. ನಮ್ಮ ರಾಜ್ಯದಲ್ಲೇ ಅದಕ್ಕೆ ದೇಶ ವಿದೇಶಗಳಿಂದ ಜನ ಬರುತ್ತಿದ್ದ ಕಾಲವಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮಹಶೀರ್ ಮೀನು 120 ಪೌಂಡ್ ತೂಗಿತ್ತು. ನಮ್ಮ ಲೆಕ್ಕದಲ್ಲಿ 54 ಕೆಜಿ. ಮುಂದೆ ಕಾವೇರಿ ದಡದ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಗಾಳದ ಶಿಬಿರಗಳೇ ನಡೆದವು. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಜೀವಂತ ವಾಪಸ್ ನೀರಿಗೆ ಬಿಡುವುದು ಅಲ್ಲಿನ ನಿಯಮ. ಒಂದು ಕಾಲದಲ್ಲಿ ಕದ್ದು ಮೀನು ಹೊಡೆಯುತ್ತಿದ್ದ ಸುತ್ತಲಿನ ಊರಿನವರೇ ಅಲ್ಲಿ ದಾರಿ ತೋರಿಸುವವರಾಗಿ, ಕಾವಲುಗಾರರಾಗಿ ಸಂಬಳ ಪಡೆದರು.

ಆ ನದಿ ಭಾಗ 1987ರಿಂದ ಕಾವೇರಿ ವನ್ಯಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ವನ್ಯಜೀವಿ ಅನ್ನುವ ಮಾತಿನೊಳಗೆ ಮೀನೂ ಸೇರುತ್ತದೆ. ವನ್ಯಧಾಮದೊಳಗೆ ಜಿಂಕೆ ಹಿಡಿಯುವಂತಿಲ್ಲ ಅಂದ ಮೇಲೆ ಮೀನು ಹಿಡಿಯುವುದು ಹೇಗೆ ಅನ್ನುವ ಪ್ರಶ್ನೆ ಎದ್ದಿತು. 2012ರ ಹೊತ್ತಿಗೆ ಗಾಳ ಪೂರ್ತಿ ನಿಂತಿತು. ಗಾಳದವರು ವಿರೋಧಿಸಿದರು. ನಾವು ಹೋದರೆ ಮದ್ದಿನವರು ಬರುತ್ತಾರೆ, ದಡದಲ್ಲಿ ಮನುಷ್ಯರು ಇರುವುದೇ ಮೀನಿಗೆ ಕಾವಲು ಅಂದರು. ಅವರ ಮಾತು ನಡೆಯಲಿಲ್ಲ.

ಇಲ್ಲಿ ಎರಡು ಸತ್ಯ ಒಟ್ಟಿಗಿವೆ. ಕಾನೂನಿನ ಅಕ್ಷರ ಸರಿ ಇತ್ತು. ದುಡ್ಡಿದ್ದವರಿಗೆ ವನ್ಯಧಾಮದೊಳಗೆ ಒಂದು ನಿಯಮ, ದಡದ ಹಳ್ಳಿಯವರಿಗೆ ಇನ್ನೊಂದು ನಿಯಮ ಅಂತ ಇರಲು ಸಾಧ್ಯವಿಲ್ಲ. ಹಿಡಿದು ಬಿಟ್ಟರೂ ಮೀನಿಗೆ ನೋವಾಗುತ್ತದೆ ಅನ್ನುವವರ ಮಾತನ್ನೂ ತಳ್ಳಿಹಾಕಲಾಗದು.

ಇನ್ನೊಂದು ಸತ್ಯ ಗಾಳದವರ ದಾಖಲೆ ಪುಸ್ತಕದಲ್ಲಿದೆ. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು ಆಮೇಲೆ ಕೂತು ಓದಿದರು. ಒಟ್ಟು ಸಿಗುವ ಮಹಶೀರ್ ಸಂಖ್ಯೆ ಏರಿತ್ತು. ಆದರೆ ಕಾವೇರಿಯದ್ದೇ ಆದ, ಬೆನ್ನು ಉಬ್ಬಿದ, ಕಿತ್ತಳೆ ರೆಕ್ಕೆಯ ಮಹಶೀರ್ ಕಡಿಮೆಯಾಗುತ್ತಾ ಬಂದಿತ್ತು. ಅದರ ಜಾಗಕ್ಕೆ ಬಂದದ್ದು ನೀಲಿ ರೆಕ್ಕೆಯ ಮಹಶೀರ್. ಹೊರಗಿನಿಂದ ತಂದು ಮರಿ ಬಿಟ್ಟ ಜಾತಿ ಅದು, ಒಳ್ಳೆಯ ಮನಸ್ಸಿನಿಂದಲೇ ಬಿಟ್ಟದ್ದು. 2018ರಲ್ಲಿ ಬೆನ್ನು ಉಬ್ಬಿದ ಮಹಶೀರ್ ಅಳಿವಿನ ಅಂಚಿನ ಅತಿ ಅಪಾಯದ ಪಟ್ಟಿಗೆ ಸೇರಿತು.

ಅಂದರೆ ಮೀನಿಗೆ ಏನಾಗುತ್ತಿದೆ ಅಂತ ನಮಗೆ ಗೊತ್ತಾದದ್ದು ಗಾಳದವರು ಬರೆದ ಪುಸ್ತಕದಿಂದ. ಗಾಳ ನಿಂತಾಗ ಆ ಪುಸ್ತಕವೂ ನಿಂತಿತು. ಗಾಳ ನಿಲ್ಲಿಸಿದ್ದು ತಪ್ಪೋ ಸರಿಯೋ ಅಂತ ಇನ್ನೂ ಜಗಳವಾಡಬಹುದು. ಆದರೆ ನೋಡುವ ಕಣ್ಣನ್ನು ಕಳಿಸಿ ಅದರ ಜಾಗಕ್ಕೆ ಬೇರೆ ಕಣ್ಣು ತರದೇ ಹೋದರೆ ಅದನ್ನು ಸಂರಕ್ಷಣೆ ಅನ್ನಲು ನಮಗೆ ಬಾಯಿ ಬರುವುದಿಲ್ಲ.

ಕಡಲಲ್ಲೂ ಇದೇ ಕಥೆ

ಕರಾವಳಿಗೆ ಬನ್ನಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಜೊತೆಗೆ ಕಡಲೂ ಕೆರಳಿರುತ್ತದೆ. ಇದು ಸರಿಯಾದ ನಿಯಮ. ಮಳೆಗಾಲದಲ್ಲಿ ಬಂಡೆ ಮೇಲೆ ನಿಂತು ಗಾಳ ಹಾಕಬೇಡಿ, ನೀರಿಗೆ ಇಳಿಯಬೇಡಿ ಅಂತ ಜಿಲ್ಲಾಡಳಿತ ಹೇಳುವುದೂ ಸರಿಯೇ. ಜಾರಿ ಬಿದ್ದವನನ್ನು ಅಲೆ ವಾಪಸ್ ಕೊಡುವುದಿಲ್ಲ.

ಆದರೆ ಇನ್ನೊಂದು ನಿಯಮವನ್ನೂ ನೋಡಿ. 2017ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಬೆಳಕು ಬಿಟ್ಟು ಮೀನು ಹಿಡಿಯುವುದನ್ನು ಮತ್ತು ಬುಲ್ ಟ್ರಾಲಿಂಗನ್ನು ನಿಷೇಧಿಸಿತು. ರಾತ್ರಿ ಕಡಲ ಮೇಲೆ ಎಲ್‌ಇಡಿ ದೀಪ ಹೊತ್ತಿಸಿದರೆ ದೊಡ್ಡದು ಚಿಕ್ಕದು ಅನ್ನದೆ ಮೀನೆಲ್ಲ ಬೆಳಕಿಗೆ ಬಂದು ಬಲೆಗೆ ಬೀಳುತ್ತವೆ. ನಿಷೇಧ ಬಂದ ಮೇಲೂ ಬೆಳಕಿನ ಮೀನುಗಾರಿಕೆ ನಿಂತಿಲ್ಲ ಅಂತ ನಾಡದೋಣಿಯವರು ವರ್ಷ ವರ್ಷ ಬೀದಿಗಿಳಿಯುತ್ತಲೇ ಇದ್ದಾರೆ. ಬಂಡೆ ಮೇಲೆ ಕೂತ ಹವ್ಯಾಸಿಯನ್ನು ಎಬ್ಬಿಸಲು ಒಂದು ಸೀಟಿ ಸಾಕು. ಕಡಲ ನಡುವಿನ ದೀಪ ಆರಿಸಲು ಬೇಕಾದದ್ದು ಮನಸ್ಸು.

ಹೊರದೇಶದಲ್ಲೂ ಇದೇ ಸಿಟ್ಟು. ಯುರೋಪಿನಲ್ಲಿ ಸೀ ಬಾಸ್ ಅನ್ನುವ ಮೀನು ಕಡಿಮೆಯಾದಾಗ, 2016ರ ಮೊದಲ 6 ತಿಂಗಳು ಹವ್ಯಾಸಿಗಳು ಹಿಡಿದದ್ದನ್ನು ನೀರಿಗೇ ಬಿಡಬೇಕು ಅಂದರು. ಅದೇ ಅವಧಿಯಲ್ಲಿ ಕೆಲವು ಬಗೆಯ ವ್ಯಾಪಾರಿ ದೋಣಿಗಳಿಗೆ, 2 ತಿಂಗಳು ಬಿಟ್ಟು, ಹಿಡಿದು ಮಾರಲು ಅವಕಾಶವಿತ್ತು. ಗಾಳದವರು ಕೂಗೆಬ್ಬಿಸಿದ್ದು ನ್ಯಾಯವೇ.

ಆದರೆ ಗಾಳದವರ ಕೂಗೆಲ್ಲ ನ್ಯಾಯವಲ್ಲ. 2017ರಲ್ಲಿ ಅಮೆರಿಕ ಸರ್ಕಾರ ಮೆಕ್ಸಿಕೋ ಕೊಲ್ಲಿಯ ತನ್ನ ನೀರಿನಲ್ಲಿ ರೆಡ್ ಸ್ನ್ಯಾಪರ್ ಮೀನು ಹಿಡಿಯಲು ಹವ್ಯಾಸಿಗಳಿಗೆ ಕೊಟ್ಟದ್ದು 3 ದಿನ. ಗಲಾಟೆ ಜೋರಾಯಿತು. ಸರ್ಕಾರ 39 ದಿನ ಹೆಚ್ಚು ಕೊಟ್ಟಿತು. ಇದರಿಂದ ಮೀನಿನ ಸಂತತಿ ಚೇತರಿಸಿಕೊಳ್ಳುವುದು ತಡವಾಗಬಹುದು ಅಂತ ಆ ಸರ್ಕಾರವೇ ಒಪ್ಪಿಕೊಂಡಿತು. ಮೋಟಾರು ದೋಣಿ ಇಟ್ಟುಕೊಂಡ ಗಾಳದವರು ಗುಂಪು ಗುಂಪಾಗಿ ಇಳಿದರೆ ಅದೂ ಬಲೆಗೆ ಸಮ. ಒಂದು ಗಾಳ ಮೀನಿನ ಸಂತತಿ ಮುಗಿಸುವುದಿಲ್ಲ, ಆದರೆ ಲೆಕ್ಕವಿಲ್ಲದ ಗಾಳ ಮುಗಿಸಬಹುದು. ಇದನ್ನು ಮರೆತು ಮಾತಾಡುವ ಗಾಳದವರ ಜೊತೆ ನಾವಿಲ್ಲ.

ಈಗ ನಮ್ಮ ಕೆರೆಗೆ ಬರೋಣ

ನ್ಯಾಮತಿ ಸೀಮೆಗೂ ಕಡಲಿಗೂ ಎಲ್ಲಿಯ ಸಂಬಂಧ ಅಂತ ಕೇಳಬೇಡಿ. ಕೂಡ್ಲಿಯಲ್ಲಿ ತುಂಗೆ ಭದ್ರೆ ಸೇರಿ ಹೊನ್ನಾಳಿ ಕಡೆ ಹರಿಯುವ ಹೊಳೆ ನಮ್ಮದು. ಸವಳಂಗದ ಕೆರೆ ನಮ್ಮದು. ಪಕ್ಕದ ಚನ್ನಗಿರಿಯ ಸೂಳೆಕೆರೆ ಇದೆ. ಇಲ್ಲೂ ಪ್ರಶ್ನೆ ಒಂದೇ: ನೀರು ಯಾರದ್ದು, ಮೀನು ಯಾರದ್ದು?

ಕೆರೆಯ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಡುತ್ತಾರೆ. ಮೀನುಗಾರರ ಸಹಕಾರ ಸಂಘವೋ, ಹರಾಜು ಕೂಗಿದವರೋ ತೆಗೆದುಕೊಳ್ಳುತ್ತಾರೆ. ಅವರು ಬಿ.ಆರ್. ಪ್ರಾಜೆಕ್ಟಿನ ಮೀನುಮರಿ ಕೇಂದ್ರದಂಥ ಕಡೆಯಿಂದ ಕಾಟ್ಲಾ, ರೋಹು ಮರಿ ತಂದು ಬಿಡುತ್ತಾರೆ. ಮಳೆ ಕೈಕೊಟ್ಟು ಕೆರೆ ಒಣಗಿದರೆ ನಷ್ಟ ಅವರದ್ದೇ. ತಾವು ದುಡ್ಡು ಕೊಟ್ಟು ಬಿಟ್ಟ ಮೀನನ್ನು ಬೇರೆಯವರು ಹಿಡಿದರೆ ಅವರ ಹೊಟ್ಟೆ ಉರಿಯುವುದು ಸಹಜ. ಮೀನುಗಾರಿಕೆಯನ್ನೇ ನಂಬಿದ ಕುಟುಂಬಗಳ ಅನ್ನ ಅದು. ಬೈಕಿನಲ್ಲಿ ಬಂದು ಹತ್ತು ಗಾಳ ಕಟ್ಟಿ, ಚೀಲ ತುಂಬಿಸಿ ಸಂತೆಗೆ ಒಯ್ಯುವವನು ಹವ್ಯಾಸಿಯಲ್ಲ. ಅವನ ಪರ ಒಂದಕ್ಷರವನ್ನೂ ನಾವು ಬರೆಯುವುದಿಲ್ಲ.

ಆದರೆ ಕೆರೆಯಲ್ಲಿರುವುದೆಲ್ಲ ಬಿಟ್ಟ ಮೀನಲ್ಲ. ಕೊರವ, ಏಡಿ, ಸಣ್ಣ ಸೊಪ್ಪು ಮೀನು, ಯಾರೂ ಕರೆಯದೆ ಬಂದು ತುಂಬಿಕೊಂಡ ಜಿಲೇಬಿ, ಇವಕ್ಕೆ ಯಾರೂ ದುಡ್ಡು ಕೊಟ್ಟಿಲ್ಲ. ಗುತ್ತಿಗೆ ಆಗಿರುವುದು ಮೀನುಗಾರಿಕೆ, ಕೆರೆಯ ದಡವಲ್ಲ. ಕೂಲಿ ಇಲ್ಲದ ದಿನ ಒಂದು ಸಾರಿಗಾಗುವಷ್ಟು ಮೀನು ಹಿಡಿಯುವ ಮುದುಕನನ್ನೂ, ಶಾಲೆ ರಜೆಯಲ್ಲಿ ಗಾಳ ಹಿಡಿದ ಹುಡುಗನನ್ನೂ ಕಳ್ಳರ ಸಾಲಿಗೆ ನಿಲ್ಲಿಸುವುದು ಅನ್ಯಾಯ. ಹೂಳು ತೆಗೆಯುವಾಗ ಕೆರೆ ಊರಿನದ್ದು, ಏರಿ ಒಡೆದಾಗ ಊರಿನದ್ದು, ಮೀನು ಬಂದಾಗ ಮಾತ್ರ ಊರಿನದ್ದಲ್ಲ ಅಂದರೆ ಯಾರು ಒಪ್ಪುತ್ತಾರೆ?

ಇನ್ನು ಹೊಳೆ. ಮೀನು ಕಡಿಮೆಯಾಗಿದೆ ಅಂತ ಎಲ್ಲರೂ ಹೇಳುತ್ತಾರೆ. ಯಾಕೆ ಕಡಿಮೆಯಾಯಿತು? ಮೀನು ಮೊಟ್ಟೆ ಇಡುವ ಮರಳನ್ನು ರಾತ್ರೋರಾತ್ರಿ ಲಾರಿಗೆ ತುಂಬಿದ್ದು ಗಾಳದವನಲ್ಲ. ಮೇಲಿನ ಊರುಗಳ ಚರಂಡಿಯನ್ನು ತುಂಗೆಗೆ ಬಿಟ್ಟದ್ದು ಗಾಳದವನಲ್ಲ. 1980ರ ದಶಕದಲ್ಲಿ ಹರಿಹರದ ಕೆಳಗೆ ಕಾರ್ಖಾನೆ ನೀರಿನಿಂದ ಮೀನು ಸತ್ತು ತೇಲಿ, ಜನ ಹೋರಾಟಕ್ಕೆ ಇಳಿದ ಹೊಳೆ ಇದೇ ತುಂಗಭದ್ರೆ. ಅಲ್ಲೂ ಗಾಳದವನ ಕೈ ಇರಲಿಲ್ಲ.

ಕಾನೂನು ಹೊಸದೇನಲ್ಲ

ಮದ್ದು ಹಾಕಿ, ವಿಷ ಹಾಕಿ ಮೀನು ಕೊಲ್ಲುವುದು ಅಪರಾಧ ಅಂತ 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಲ್ಲೇ ಬರೆದಿದೆ. 2 ತಿಂಗಳವರೆಗೆ ಜೈಲು ಅಥವಾ 200 ರೂಪಾಯಿವರೆಗೆ ದಂಡ. ಆಗಿನ ಕಾಲಕ್ಕೆ 200 ರೂಪಾಯಿ ಸಣ್ಣ ಮೊತ್ತವಲ್ಲ. ಬ್ರಿಟಿಷರಿಗೂ ಗೊತ್ತಿತ್ತು, ಮೀನಿನ ಶತ್ರು ಯಾರು ಅಂತ. ನೂರಿಪ್ಪತ್ತು ವರ್ಷ ದಾಟಿದ ಮೇಲೂ ನಾವು ಗಾಳದ ಹಿಂದೆ ಬಿದ್ದಿದ್ದೇವೆ.

ವಿಷ ಏನು ಮಾಡುತ್ತದೆ ಅನ್ನುವುದಕ್ಕೆ ದಕ್ಷಿಣ ಕನ್ನಡದ ಶಿಶಿಲ ಸಾಕ್ಷಿ. ಶಿಶಿಲೇಶ್ವರ ದೇವಸ್ಥಾನದ ಮುಂದಿನ ಹೊಳೆಯಲ್ಲಿ ಮಹಶೀರ್‌ಗಳು ಭಕ್ತರು ಹಾಕುವ ಅಕ್ಕಿ ತಿಂದು ಬೆಳೆಯುತ್ತವೆ. 1996ರಲ್ಲಿ ಯಾರೋ ವಿಷ ಹಾಕಿದರು, ಸಾವಿರಾರು ಮೀನು ಸತ್ತವು. ಸತ್ತ ಮೀನುಗಳಿಗೆ ಅಲ್ಲಿ ಸ್ಮಾರಕವೇ ಇದೆ. ಆಮೇಲೆ ಆ ಮಡುವನ್ನು ಮತ್ತೆ ಮೀನಿನಿಂದ ತುಂಬಿಸಿದ್ದು ದಿನಾ ನೋಡಿಕೊಳ್ಳುವ ಊರಿನ ಜನ. ಶೃಂಗೇರಿಯಲ್ಲೂ, ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲೂ ತುಂಗೆಯ ಮೀನು ಉಳಿದದ್ದು ಹಾಗೆಯೇ. ಜನ ನೋಡುತ್ತಿರುವ ನೀರಿನಲ್ಲಿ ಮೀನು ಉಳಿಯುತ್ತದೆ. ಜನರನ್ನು ಓಡಿಸಿದ ನೀರು ಕಳ್ಳನ ಪಾಲಾಗುತ್ತದೆ.

ನಾವು ಕೇಳುವುದು ಇಷ್ಟು

ಒಂದು, ಕೈಯಲ್ಲಿ ಹಿಡಿಯುವ ಒಂದು ಗಾಳ, ಮನೆ ಊಟಕ್ಕಷ್ಟೇ, ಮಾರಾಟ ಇಲ್ಲ. ಇದನ್ನು ಬೇರೆಯಾಗಿ ಗುರುತಿಸಿ ಗುತ್ತಿಗೆ ಕರಾರಿನಲ್ಲೇ ಬರೆಯಲಿ. ಯಾವ ದಡ, ವಾರದಲ್ಲಿ ಎಷ್ಟು ದಿನ ಅನ್ನುವುದನ್ನು ಗ್ರಾಮಸಭೆಯಲ್ಲಿ ಗುತ್ತಿಗೆದಾರರನ್ನೂ ಕೂರಿಸಿ ತೀರ್ಮಾನಿಸಲಿ. ಸಣ್ಣ ಶುಲ್ಕ ಇಟ್ಟರೂ ತಕರಾರಿಲ್ಲ, ಅದು ಸಂಘಕ್ಕೇ ಹೋಗಲಿ.

ಎರಡು, ಮರಿ ಮೀನು ಸಿಕ್ಕರೆ ವಾಪಸ್ ನೀರಿಗೆ. ಇದು ಗಾಳಕ್ಕೂ ಬಲೆಗೂ ಒಂದೇ ನಿಯಮ. ಸೊಳ್ಳೆ ಪರದೆಯಂಥ ಸಣ್ಣ ಕಣ್ಣಿನ ಬಲೆಗೆ ಮೊದಲು ಬೀಗ ಬೀಳಲಿ.

ಮೂರು, ಮುಂಗಾರಿನ ಮೊದಲ ನೀರಿಗೆ ಮೀನು ಹತ್ತುವ ಕಾಲದಲ್ಲಿ ಎಲ್ಲರಿಗೂ ರಜೆ. ಹತ್ತು ಮೀನು ಹಿಡಿಯುವುದು, ಹಳ್ಳಕ್ಕೆ ಕೂಣಿ ಹಾಕುವುದು ನಮ್ಮ ಕಡೆ ಹಬ್ಬದ ಹಾಗೆ ನಡೆದುಕೊಂಡು ಬಂದಿದೆ. ಹೊಟ್ಟೆ ತುಂಬ ಮೊಟ್ಟೆ ಹೊತ್ತು ಬರುವ ಮೀನು ಅದು. ಬಾಣಂತಿಗೆ ಅಡ್ಡ ನಿಲ್ಲದ ಜನ ನಾವು, ಈ ಮೀನಿಗೂ ದಾರಿ ಬಿಡಬೇಕು. ಸರ್ಕಾರದ ನಿರ್ಬಂಧವನ್ನು ಪ್ರಶ್ನಿಸುವವರು ಮೊದಲು ಈ ನಿರ್ಬಂಧವನ್ನು ತಾವೇ ಹಾಕಿಕೊಳ್ಳಲಿ. ಆಗ ನಮ್ಮ ಮಾತಿಗೆ ತೂಕ ಬರುತ್ತದೆ.

ನಾಲ್ಕು, ಏನು ಮಾಡಬಹುದು, ಏನು ಮಾಡಬಾರದು ಅಂತ ಪ್ರತಿ ಕೆರೆಯ ಏರಿ ಮೇಲೆ ಕನ್ನಡದಲ್ಲಿ ಒಂದು ಬೋರ್ಡು ಹಾಕಿ. ಗುತ್ತಿಗೆ ಯಾರದ್ದು, ಎಷ್ಟು ವರ್ಷ, ಮದ್ದು ಅಥವಾ ವಿಷ ಕಂಡರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದೂ ಅದರಲ್ಲಿರಲಿ. ಬಾಯಿಮಾತಿನ ನಿಯಮ ಬಲವಿದ್ದವನ ಕೈಯ ದೊಣ್ಣೆ.

ಓದುಗರೇ, ಮುಂದಿನ ಗ್ರಾಮಸಭೆಗೆ ಹೋದಾಗ ಒಂದು ಪ್ರಶ್ನೆ ಕೇಳಿ: ನಮ್ಮ ಕೆರೆಯ ಮೀನು ಗುತ್ತಿಗೆಯ ಕರಾರು ಪತ್ರ ಎಲ್ಲಿದೆ, ಓದಿ ಹೇಳಿ. ತೋರಿಸದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. ಗಾಳ ಹಾಕುವ ಗೆಳೆಯರೇ, ನೀವು ಏರಿ ಮೇಲೆ ಕೂತಾಗ ಬೆಂಡಿನ ಜೊತೆ ನೀರನ್ನೂ ನೋಡಿ. ಸತ್ತ ಮೀನು ತೇಲಿದರೆ ಫೋಟೋ ತೆಗೆಯಿರಿ, ದಿನಾಂಕ ಬರೆದಿಡಿ, ದೂರು ಕೊಡಿ. ನಿಮ್ಮನ್ನು ಕಳ್ಳ ಅಂದವರ ಮುಂದೆ ಆ ಪುಸ್ತಕ ಇಡಿ. ಕೆರೆ ಕಾದವರು ಯಾರು ಅಂತ ಅವರೇ ಓದಿಕೊಳ್ಳಲಿ.